ಐವತ್ತರ ಆಸುಪಾಸಿನಲ್ಲಿ ಥಾಯ್ಲೆಂಡ್: ನೆಲೆ ಬದಲಿಸುವ ಮುನ್ನ

ಥಾಯ್ಲೆಂಡಿನಲ್ಲಿ ವಿದೇಶಿಯರು ಹೆಚ್ಚು ಕಾಲ ಉಳಿಯಬೇಕಾದರೆ ಅಲ್ಲಿನ ಸರ್ಕಾರಕ್ಕೆ ಒಂದು ಕಾರಣ ತೋರಿಸಬೇಕು: ನೌಕರಿ, ವ್ಯಾಪಾರ, ಓದು, ಥಾಯ್ ಪ್ರಜೆಯೊಂದಿಗೆ ಮದುವೆ, ಇಲ್ಲವೇ ನಿವೃತ್ತಿ. ನಡುವಯಸ್ಸಿನಲ್ಲಿ ಅಲ್ಲಿಗೆ ಹೋಗಿ ನೆಲೆಸುವ ಆಲೋಚನೆಯಲ್ಲಿರುವವರಿಗೆ ಇವುಗಳಲ್ಲಿ ಯಾವುದು ಒದಗುತ್ತದೆ ಎಂಬುದನ್ನು ಬಹುಮಟ್ಟಿಗೆ ವಯಸ್ಸೇ ತೀರ್ಮಾನಿಸುತ್ತದೆ. 50 ತುಂಬಿದವರಿಗೆ ನಿವೃತ್ತಿಯ ವೀಸಾ ಸಿಗುತ್ತದೆ. ಅದಕ್ಕಿಂತ ಕಿರಿಯರಿಗೆ ಎಷ್ಟೇ ಹಣವಿದ್ದರೂ ಆ ಬಾಗಿಲು ತೆರೆಯುವುದಿಲ್ಲ. ಸ್ವಯಂನಿವೃತ್ತಿ ಪಡೆದ 47ರ ಬ್ಯಾಂಕ್ ಅಧಿಕಾರಿಗೂ 52ರ ಕಾಲೇಜು ಉಪನ್ಯಾಸಕರಿಗೂ ಒಂದೇ ಸಲಹೆ ಹೊಂದದಿರುವುದು ಈ ಕಾರಣಕ್ಕೆ.

ಐವತ್ತು ದಾಟಿದವರು ಸಾಮಾನ್ಯವಾಗಿ ಹಿಡಿಯುವ ದಾರಿ ನಾನ್-ಇಮಿಗ್ರಂಟ್ ‘ಒ’ ವೀಸಾ. ಮೊದಲಿಗೆ 90 ದಿನ ಸಿಗುತ್ತದೆ. ಆ ಅವಧಿಯೊಳಗೆ ಅಲ್ಲಿನ ವಲಸೆ ಕಚೇರಿಗೆ ಹೋಗಿ ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು, ಮುಂದೆ ಪ್ರತಿ ವರ್ಷವೂ ಹಾಗೆಯೇ. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಠೇವಣಿ ಇರಬೇಕು ಅಥವಾ ತಿಂಗಳಿಗೆ 65,000 ಬಹ್ತ್ ಆದಾಯ ತೋರಿಸಬೇಕು. ಠೇವಣಿಯ ಹಣ ಅರ್ಜಿ ಹಾಕುವ ಎರಡು ತಿಂಗಳು ಮೊದಲೇ ಖಾತೆಯಲ್ಲಿರಬೇಕು, ಮಂಜೂರಾದ ಮೇಲೆ ಮೂರು ತಿಂಗಳು ಕದಲಬಾರದು, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ರೂಪಾಯಿಯಲ್ಲಿ ಆ 8 ಲಕ್ಷ ಬಹ್ತ್ 20 ಲಕ್ಷಕ್ಕೂ ಹೆಚ್ಚು. ಮನೆ ನಡೆಸಲು ಬೇಕಾದ ಹಣವನ್ನು ಇದರಿಂದ ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು. ಈ ಮೊತ್ತವನ್ನು ಇಡುಗಂಟೆಂದೇ ಬಗೆಯಬೇಕು.

ಭಾರತದಿಂದ ಹೊರಡುವ ಮುನ್ನವೇ ಒಂದು ವರ್ಷದ ಅನುಮತಿ ಪಡೆಯಬಯಸುವವರಿಗೆ ‘ಒ-ಎ’ ಎಂಬ ಇನ್ನೊಂದು ಬಗೆ ಇದೆ. ಅದಕ್ಕೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರಗಳ ಜತೆಗೆ 30 ಲಕ್ಷ ಬಹ್ತ್ ಮೊತ್ತದ ಆರೋಗ್ಯ ವಿಮೆಯೂ ಬೇಕು. ಕರ್ನಾಟಕದವರ ಅರ್ಜಿಗಳು ಚೆನ್ನೈನ ಥಾಯ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತವೆ. 2025ರ ಜನವರಿಯಿಂದ ಅರ್ಜಿ ಸಲ್ಲಿಸುವುದು ಆನ್‌ಲೈನಿನಲ್ಲಿ.

ವೀಸಾ ಕೈಗೆ ಬಂದ ಮೇಲೂ ಕೆಲವು ಕಟ್ಟಳೆಗಳು ವರ್ಷವಿಡೀ ಬೆನ್ನಿಗಿರುತ್ತವೆ. ದೇಶದಲ್ಲಿ ಸತತವಾಗಿ ಇರುವಷ್ಟು ಕಾಲ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ವಿದೇಶಿಯೊಬ್ಬರು ಮನೆಗೆ ಬಂದಾಗ 24 ಗಂಟೆಯೊಳಗೆ ಮನೆ ಮಾಲೀಕರು ವಲಸೆ ಇಲಾಖೆಗೆ ತಿಳಿಸಬೇಕು; ಅವರು ತಿಳಿಸದಿದ್ದರೆ ಬಾಡಿಗೆದಾರರ ವಿಸ್ತರಣೆಯೂ ತೊಡಕಿಗೆ ಸಿಲುಕುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ರೀ-ಎಂಟ್ರಿ ಪರ್ಮಿಟ್. ಅದಿಲ್ಲದೆ ಗಡಿ ದಾಟಿದರೆ ವರ್ಷದ ವಿಸ್ತರಣೆ ಅಲ್ಲಿಗೇ ರದ್ದು, ಹಿಂದಿರುಗಿದ ಮೇಲೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು. ಊರಿನಲ್ಲಿ ವಯಸ್ಸಾದ ತಂದೆ ತಾಯಿ ಇರುವವರು ವಿಸ್ತರಣೆ ಸಿಕ್ಕ ದಿನವೇ 3,800 ಬಹ್ತ್ ಕೊಟ್ಟು ಹಲವು ಬಾರಿ ಹೋಗಿಬರುವ ಪರ್ಮಿಟ್ ಮಾಡಿಸಿಡುವುದು ಕ್ಷೇಮ. ನಡುರಾತ್ರಿ ಕರೆ ಬಂದಾಗ ಕಚೇರಿ ತೆರೆಯುವುದನ್ನು ಕಾಯುತ್ತ ಕೂರಲಾಗದು.

ಐವತ್ತಕ್ಕಿಂತ ಕಿರಿಯರಿಗೆ ಇರುವ ದಾರಿಗಳು ಬೇರೆ. ಭಾರತದ ಅಥವಾ ಬೇರೆ ದೇಶದ ಕಂಪನಿಗೆ ದೂರದಿಂದಲೇ ಕೆಲಸ ಮಾಡುವವರಿಗಾಗಿ 2024ರ ಜುಲೈನಲ್ಲಿ ‘ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ’ ಬಂತು. 5 ಲಕ್ಷ ಬಹ್ತ್ ಉಳಿತಾಯ ತೋರಿಸಿದರೆ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಪ್ರತಿ ಪ್ರವೇಶಕ್ಕೆ 180 ದಿನ ಇರಬಹುದು. ಬೆಂಗಳೂರಿನ ಸಾಫ್ಟ್‌ವೇರ್ ನೌಕರರಿಗೆ ಇದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಉದ್ಯೋಗದಾತರು ಹೊರದೇಶದಿಂದ ಕೆಲಸ ಮಾಡಲು ಲಿಖಿತ ಒಪ್ಪಿಗೆ ಕೊಡುತ್ತಾರೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಥಾಯ್ ಕಂಪನಿಗೆ ಸೇರುವುದಾದರೆ ವರ್ಕ್ ಪರ್ಮಿಟ್ ಬೇಕು. ಮಾಮೂಲಿ ಖಾಸಗಿ ಕಂಪನಿಯಾದರೆ ಒಬ್ಬ ವಿದೇಶಿ ನೌಕರನಿಗೆ 20 ಲಕ್ಷ ಬಹ್ತ್ ನೋಂದಾಯಿತ ಬಂಡವಾಳ, ನಾಲ್ವರು ಥಾಯ್ ನೌಕರರು ಎಂಬ ಲೆಕ್ಕವಿದೆ. ಅಂಗಡಿಯಲ್ಲಿ ನಿಂತು ಮಾರುವುದು, ಕ್ಷೌರ, ಪ್ರವಾಸಿ ಮಾರ್ಗದರ್ಶನ, ಥಾಯ್ ಮಸಾಜ್ ಮುಂತಾದ ಕೆಲಸಗಳು ವಿದೇಶಿಯರಿಗೆ ಪೂರ್ತಿ ನಿಷಿದ್ಧ. ಕಡಲತಡಿಯಲ್ಲೊಂದು ಪುಟ್ಟ ದರ್ಶಿನಿ ಇಟ್ಟುಕೊಂಡು ತಾವೇ ಗಲ್ಲಾದಲ್ಲಿ ಕೂರುವ ಯೋಜನೆ ಹಾಕಿದವರು ಈ ಪಟ್ಟಿಯನ್ನು ವಕೀಲರೊಬ್ಬರ ಜತೆ ಕೂತು ಓದಬೇಕು. ನಿವೃತ್ತಿ ವೀಸಾದ ಮೇಲೆ ಇರುವವರಂತೂ ಅಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ.

ಇಷ್ಟರಿಂದ ಒಂದು ಮಾತು ತಿಳಿಯುತ್ತದೆ. ಅಲ್ಲಿ ಸಿಗುವುದು ವರ್ಷ ವರ್ಷ ನವೀಕರಿಸುವ ಅನುಮತಿ. ಅದು ಎಷ್ಟು ವರ್ಷ ಮುಂದುವರಿದರೂ ಹಕ್ಕಾಗಿ ಮಾರ್ಪಡುವುದಿಲ್ಲ. ಶಾಶ್ವತ ವಾಸದ ಅನುಮತಿ ವರ್ಷಕ್ಕೆ ಒಂದು ದೇಶದ 100 ಮಂದಿಗೆ ಮಾತ್ರ, ನಿವೃತ್ತಿ ವೀಸಾದಲ್ಲಿ ಕಳೆದ ವರ್ಷಗಳು ಅದಕ್ಕೆ ಲೆಕ್ಕಕ್ಕಿಲ್ಲ. ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. ‘ಒ-ಎ’ ವೀಸಾಕ್ಕೆ ವಿಮೆ ಕಡ್ಡಾಯವಾದದ್ದು 2019ರಲ್ಲಿ. ನೆರೆಯ ಮಲೇಷ್ಯಾದ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಯೋಜನೆ 2021ರಲ್ಲಿ ಮಾಸಿಕ ಆದಾಯದ ಷರತ್ತನ್ನು 10,000 ರಿಂಗಿಟ್‌ನಿಂದ 40,000ಕ್ಕೆ ಏರಿಸಿತು, 2024ರಲ್ಲಿ ಮನೆ ಖರೀದಿಯನ್ನೇ ಕಡ್ಡಾಯ ಮಾಡಿತು. ಐವತ್ತರಲ್ಲಿ ಹೋದವರು ಅರವತ್ತೆರಡರಲ್ಲೋ ಎಪ್ಪತ್ತರಲ್ಲೋ ಒಲ್ಲದ ಮನಸ್ಸಿನಿಂದ ಮರಳಬೇಕಾಗಬಹುದು. ಹವೆ, ಹಣ, ಆರೋಗ್ಯ, ಮನೆ ಎಲ್ಲವನ್ನೂ ಆ ಸಾಧ್ಯತೆಯನ್ನು ಎದುರಿಗಿಟ್ಟುಕೊಂಡೇ ತೂಗುವುದು ಒಳ್ಳೆಯದು.

ಹವೆ ಮತ್ತು ಊರು

ಬ್ಯಾಂಕಾಕ್ ಇರುವುದು ಹೆಚ್ಚುಕಡಿಮೆ ಕುಂದಾಪುರ, ಬೈಂದೂರುಗಳ ಅಕ್ಷಾಂಶದಲ್ಲೇ. ಕರಾವಳಿಯವರ ಮೈಗೆ ಅಲ್ಲಿನ ಸೆಕೆ ಹೊಸದಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬೆಳೆದವರಿಗೆ ಮಾತ್ರ ಏಪ್ರಿಲಿನ ಬ್ಯಾಂಕಾಕ್ ಕಠಿಣ. ರಾತ್ರಿಯೂ ತಣಿಯದ ಬೇಸಿಗೆಯ ತಿಂಗಳುಗಳಲ್ಲಿ ಎ.ಸಿ. ಇಲ್ಲದೆ ನಿದ್ರೆ ಬರುವುದು ಕಷ್ಟ, ಹಾಗಾಗಿ ವಿದ್ಯುತ್ ಬಿಲ್ಲನ್ನು ಬಾಡಿಗೆಯ ಭಾಗವೆಂದೇ ಲೆಕ್ಕ ಹಾಕಬೇಕು. ನವೆಂಬರಿನಿಂದ ಫೆಬ್ರುವರಿವರೆಗಿನ ಹಿತವಾದ ಹವೆಯಲ್ಲಿ ಪ್ರವಾಸ ಹೋಗಿ ಬಂದು ಮನಸ್ಸು ಮಾಡಿದವರು ವರ್ಷದ ಮೂರನೇ ಒಂದು ಭಾಗವನ್ನಷ್ಟೇ ನೋಡಿರುತ್ತಾರೆ.

ಮಳೆ ಎಲ್ಲ ಕಡೆ ಒಂದೇ ಹೊತ್ತಿಗೆ ಬರುವುದಿಲ್ಲ. ಅಂಡಮಾನ್ ಸಮುದ್ರದ ಕಡೆಯ ಫುಕೆಟ್‌ಗೆ ನೈಋತ್ಯ ಮುಂಗಾರೇ ಮಳೆ ತರುತ್ತದೆ, ನಮ್ಮ ಪಶ್ಚಿಮ ಕರಾವಳಿಗೆ ತರುವಂತೆ. ಕೊಲ್ಲಿಯ ಕಡೆಯ ಕೊ ಸಮುಯ್ ದ್ವೀಪದಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಜೋರು. ಬ್ಯಾಂಕಾಕಿನಲ್ಲಿ ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು. ತಗ್ಗಿನ ನದೀಮುಖಜಭೂಮಿಯ ಮೇಲೆ ನಿಂತ ನಗರವಾದ್ದರಿಂದ ನೀರು ಬೇಗ ಇಳಿಯುವುದಿಲ್ಲ. 2011ರ ಮಹಾಪೂರದಲ್ಲಿ ಸುತ್ತಲಿನ ಜಿಲ್ಲೆಗಳ ಜತೆಗೆ ನಗರದ ಅಂಚಿನ ಬಡಾವಣೆಗಳೂ ವಾರಗಟ್ಟಲೆ ಮುಳುಗಿದ್ದವು. ಮನೆ ನೋಡುವಾಗ ಆ ವರ್ಷ ಬೀದಿಯಲ್ಲಿ ಎಷ್ಟು ನೀರು ನಿಂತಿತ್ತೆಂದು ಕೇಳುವುದು ಅಗತ್ಯ.

ಬೆಟ್ಟಗಳ ನಡುವಿನ ಚಿಯಾಂಗ್ ಮಾಯ್ ಮಲೆನಾಡಿಗರನ್ನು ಸೆಳೆಯುತ್ತದೆ: ಬ್ಯಾಂಕಾಕಿಗಿಂತ ಕಡಿಮೆ ಖರ್ಚು, ಚಳಿಗಾಲದಲ್ಲಿ ತಂಪು. ಆದರೆ ಫೆಬ್ರುವರಿಯಿಂದ ಏಪ್ರಿಲಿನವರೆಗೆ ಕೊಯ್ಲಿನ ನಂತರದ ಕೂಳೆ ಸುಡುವುದರಿಂದಲೂ ಕಾಡುಗಿಚ್ಚಿನಿಂದಲೂ ಏಳುವ ಹೊಗೆ ಕಣಿವೆಯಲ್ಲೇ ಕಟ್ಟಿಕೊಳ್ಳುತ್ತದೆ, ಗಾಳಿಯ ಗುಣಮಟ್ಟ ಜಗತ್ತಿನ ಅತಿ ಕೆಟ್ಟ ನಗರಗಳ ಮಟ್ಟಕ್ಕೆ ಇಳಿಯುತ್ತದೆ. ಉಬ್ಬಸ ಇರುವವರು, ಹೃದ್ರೋಗಿಗಳು ಈ ಊರನ್ನು ಆರಿಸಿಕೊಂಡರೆ ಆ ಮೂರು ತಿಂಗಳು ಬೇರೆಡೆ ಇರುವ ಏರ್ಪಾಡೂ ಬಜೆಟ್ಟಿನಲ್ಲಿ ಸೇರಬೇಕು.

ಹಣ: ಎರಡು ದೇಶಗಳ ಲೆಕ್ಕ

ರೂಪಾಯಿಯ ಪಿಂಚಣಿ ಅಥವಾ ಬಾಡಿಗೆಯ ಮೇಲೆ ಬದುಕುವವರಿಗೆ ಬೆಲೆಯೇರಿಕೆಗಿಂತ ಹೆಚ್ಚು ನೋವು ಕೊಡುವುದು ವಿನಿಮಯ ದರ. 2015ರಲ್ಲಿ ಒಂದು ಬಹ್ತ್‌ಗೆ ಎರಡು ರೂಪಾಯಿಗೂ ಕಡಿಮೆ ಕೊಟ್ಟರೆ ಸಾಕಿತ್ತು, 2025ರಲ್ಲಿ ಎರಡೂವರೆ ರೂಪಾಯಿ ದಾಟಿತ್ತು. ಏರದ ಪಿಂಚಣಿಯ ಮೇಲೆ ಆ ಹತ್ತು ವರ್ಷ ಅಲ್ಲಿ ಬದುಕಿದವರ ಕೊಳ್ಳುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗಿತು, ಅಲ್ಲಿನ ಬೆಲೆಗಳು ಒಂದಿಷ್ಟೂ ಏರದಿದ್ದರೂ. ಇವತ್ತಿನ ದರದಲ್ಲಿ ಸರಿಹೋಗುವ ಬಜೆಟ್ಟು ರೂಪಾಯಿ ಶೇ 30ರಷ್ಟು ಬಿದ್ದರೂ ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ಹೊರಡುವುದನ್ನು ಕೆಲವು ವರ್ಷ ಮುಂದೂಡುವುದೇ ವಿವೇಕ.

ಹಣ ಕಳಿಸುವುದಕ್ಕೂ ಮಿತಿಗಳಿವೆ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಆರ್ಥಿಕ ವರ್ಷವೊಂದಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು. ಓದು, ಚಿಕಿತ್ಸೆಯಂಥವನ್ನು ಬಿಟ್ಟು ಬೇರೆ ಉದ್ದೇಶಗಳಿಗಾದರೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ವೀಸಾ ಠೇವಣಿಗೆಂದು 22 ಲಕ್ಷ ಕಳಿಸಿದರೆ 2.4 ಲಕ್ಷ ಹೀಗೆ ಕಟ್ಟಬೇಕಾಗುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ವಾಪಸಾಗುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಇರುವುದಿಲ್ಲ. ಗಂಡ ಹೆಂಡತಿ ತಮ್ಮ ತಮ್ಮ ಹಣವನ್ನು ಎರಡು ಆರ್ಥಿಕ ವರ್ಷಗಳಿಗೆ ಹಂಚಿ ಕಳಿಸಿದರೆ ಈ ಹೊರೆ ತಗ್ಗುತ್ತದೆ.

ಈ ರವಾನೆ ಯೋಜನೆ ನಿವಾಸಿಗಳಿಗೆ ಮಾತ್ರ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ಪ್ರಕಾರ ಅನಿವಾಸಿಯಾದ ಮೇಲೆ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಅದರಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಕ್ಕೆ ಕಳಿಸಬಹುದಾದರೂ ತೆರಿಗೆ ಕಟ್ಟಿದ ದಾಖಲೆ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಕೇಳುತ್ತಾರೆ. ಹೊಸದಾಗಿ ಪಿಪಿಎಫ್ ಖಾತೆ ತೆರೆಯುವಂತಿಲ್ಲ, ಹಳೆಯದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಅನಿವಾಸಿಗಳಿಗೆ ಸಿಗುವುದಿಲ್ಲ. ಮರಳಿ ಬಂದಾಗ ಆಸರೆಯಾಗಬೇಕಾದ ಉಳಿತಾಯವನ್ನು ಎಲ್ಲಿ ಇಡಬೇಕೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕಾದದ್ದು ಇದಕ್ಕಾಗಿ.

ತೆರಿಗೆಯ ವಿಷಯದಲ್ಲಿ ಥಾಯ್ಲೆಂಡಿನ ಹಳೆಯ ಹೆಸರನ್ನು ನಂಬಿ ಹೋಗುವಂತಿಲ್ಲ. ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದವರು ತೆರಿಗೆ ನಿವಾಸಿಗಳು. ವಿದೇಶದಲ್ಲಿ ಗಳಿಸಿದ್ದನ್ನು ಮುಂದಿನ ವರ್ಷ ತಂದರೆ ತೆರಿಗೆಯಿಲ್ಲ ಎಂಬ ಸೌಲಭ್ಯ 2024ರ ಜನವರಿ 1ಕ್ಕೆ ಕೊನೆಗೊಂಡಿತು. ಆ ದಿನದಿಂದೀಚಿನ ಆದಾಯವನ್ನು ದೇಶದೊಳಕ್ಕೆ ತಂದರೆ ಅದು ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಎರಡೂ ದೇಶಗಳ ನಡುವೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದ ಇದೆ, ಅದರಲ್ಲಿ ಸರ್ಕಾರಿ ಪಿಂಚಣಿಗೂ ಇತರ ಆದಾಯಕ್ಕೂ ಬೇರೆ ಬೇರೆ ವಿಧಿಗಳು. ನಿವೃತ್ತ ಶಿಕ್ಷಕರ ಪಿಂಚಣಿ, ಬೆಂಗಳೂರಿನ ಮನೆಯ ಬಾಡಿಗೆ, ಷೇರು ಮಾರಿದ ಲಾಭ ಮೂರನ್ನೂ ಒಂದೇ ಕಂತೆಯಾಗಿ ನೋಡದೆ ಒಂದೊಂದಕ್ಕೂ ಪ್ರತ್ಯೇಕ ಸಲಹೆ ಪಡೆಯಬೇಕು.

ಆರೋಗ್ಯ

ಬ್ಯಾಂಕಾಕಿನ ಖಾಸಗಿ ಆಸ್ಪತ್ರೆಗಳು ಉತ್ತಮವಾದವು. ಪ್ರಶ್ನೆ ಇರುವುದು ಬಿಲ್ಲಿನಲ್ಲಿ. ಥಾಯ್ಲೆಂಡ್ 2002ರಲ್ಲಿ ಜಾರಿಗೆ ತಂದ ಸಾರ್ವತ್ರಿಕ ಆರೋಗ್ಯ ರಕ್ಷೆ ಅಲ್ಲಿನ ಪ್ರಜೆಗಳಿಗಾಗಿ; ನಿವೃತ್ತಿ ವೀಸಾದವರಿಗೆ ಅದು ದೊರೆಯದು. ವಿಮೆಯನ್ನು ಸ್ವಂತ ಖರ್ಚಿನಲ್ಲೇ ಮಾಡಿಸಬೇಕು. ಐವತ್ತರ ಹೊತ್ತಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇಲ್ಲದವರು ನಮ್ಮಲ್ಲಿ ಕಡಿಮೆ. ವಿಮಾ ಕಂಪನಿಗಳು ಇಂಥವುಗಳನ್ನು ರಕ್ಷೆಯಿಂದ ಹೊರಗಿಡುತ್ತವೆ ಅಥವಾ ಪ್ರೀಮಿಯಂ ಏರಿಸುತ್ತವೆ, ವಯಸ್ಸಾದಂತೆ ಕಂತು ಮತ್ತೆ ಏರುತ್ತ ಹೋಗುತ್ತದೆ. ಆದ್ದರಿಂದ ಇವತ್ತಿನ ಕಂತನ್ನು ಕೇಳಿ ಸುಮ್ಮನಾಗದೆ 60, 65, 70ರ ವಯಸ್ಸಿನವರಿಗೆ ಅದೇ ಕಂಪನಿ ಎಷ್ಟು ಕೇಳುತ್ತದೆಂದೂ, ಯಾವ ವಯಸ್ಸಿನ ಮೇಲೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲವೆಂದೂ ತಿಳಿದುಕೊಳ್ಳಬೇಕು.

ಭಾರತದ ಆರೋಗ್ಯ ವಿಮೆಗಳಲ್ಲಿ ಬಹುಪಾಲು ದೇಶದೊಳಗಿನ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. ಹಾಗೆಂದು ಉಪಯೋಗಕ್ಕೆ ಬಾರದ ಪಾಲಿಸಿ ಎಂದು ಕೈಬಿಡುವುದು ದೊಡ್ಡ ನಷ್ಟ. ಮರಳಿ ಬಂದಾಗ ಹೊಸ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಹಳೆಯ ಪಾಲಿಸಿಯನ್ನು ವರ್ಷ ವರ್ಷ ನವೀಕರಿಸಿಕೊಂಡು ಬಂದರೆ ಆ ಕಾಯುವಿಕೆಯೇ ಇರುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ನಾಲ್ಕು ತಾಸಿನ ವಿಮಾನದಲ್ಲಿ ಬೆಂಗಳೂರಿಗೆ ಬಂದು ಹೋಗುವ ಯೋಜನೆಯೂ ಇದರಿಂದ ಸಾಧ್ಯ. ಪಾರ್ಶ್ವವಾಯು, ಹೃದಯಾಘಾತ, ಅಪಘಾತಗಳಿಗೆ ಆ ಯೋಜನೆ ಒದಗದು, ಅವುಗಳಿಗೆ ಅಲ್ಲಿನ ವಿಮೆಯೇ ಬೇಕು.

ಅಪಘಾತದ ಮಾತು ಸುಮ್ಮನೆ ಬಂದದ್ದಲ್ಲ. ರಸ್ತೆ ಸಾವುಗಳ ಪ್ರಮಾಣ ಅತಿ ಹೆಚ್ಚಿರುವ ದೇಶಗಳಲ್ಲಿ ಥಾಯ್ಲೆಂಡ್ ಒಂದು, ಸಾಯುವವರಲ್ಲಿ ಬಹುಪಾಲು ದ್ವಿಚಕ್ರ ಸವಾರರು. ನಮ್ಮಂತೆ ಎಡಬದಿಯ ಸಂಚಾರ ಇರುವುದರಿಂದ ಬಾಡಿಗೆ ಸ್ಕೂಟರ್ ಹಿಡಿಯಲು ಭಾರತೀಯರು ಹಿಂಜರಿಯುವುದಿಲ್ಲ. ಮೋಟಾರ್ ಸೈಕಲ್‌ಗೆ ಸಲ್ಲುವ ಪರವಾನಗಿ ಇಲ್ಲದಿದ್ದರೆ ವಿಮಾ ಕಂಪನಿ ಹಣ ಕೊಡದೆ ಹೋಗಬಹುದು. ಸೊಳ್ಳೆಯಿಂದ ಹರಡುವ ಡೆಂಗಿ ಅಲ್ಲೂ ವರ್ಷವಿಡೀ ಇದೆ. ನಿದ್ರೆ, ಆತಂಕ, ತೀವ್ರ ನೋವಿಗೆ ಇಲ್ಲಿ ಬರೆದುಕೊಡುವ ಕೆಲವು ಮಾತ್ರೆಗಳು ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಒಯ್ಯಬಾರದು.

ಮನೆ, ಜಮೀನು

ವಿದೇಶಿಯರಿಗೆ ಥಾಯ್ಲೆಂಡಿನಲ್ಲಿ ನೆಲದ ಒಡೆತನ ಇಲ್ಲ. ಅಪಾರ್ಟ್‌ಮೆಂಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಮಾರಾಟಯೋಗ್ಯ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ 49 ಮೀರುವಂತಿಲ್ಲ, ಹಣ ವಿದೇಶಿ ಕರೆನ್ಸಿಯಲ್ಲಿ ಬಂದದ್ದಕ್ಕೆ ಬ್ಯಾಂಕಿನ ದಾಖಲೆ ಬೇಕು. ಸ್ವತಂತ್ರ ಮನೆ ಬೇಕೆಂದರೆ ನೆಲವನ್ನು ಗರಿಷ್ಠ 30 ವರ್ಷಕ್ಕೆ ಗುತ್ತಿಗೆ ಪಡೆಯಬೇಕು. ಥಾಯ್ ಪ್ರಜೆಗಳ ಹೆಸರಿನಲ್ಲಿ ಕಂಪನಿ ಕಟ್ಟಿ ನೆಲ ಕೊಡಿಸುತ್ತೇವೆನ್ನುವ ದಲ್ಲಾಳಿಗಳಿದ್ದಾರೆ. ಅದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಹಣವೂ ಹೋಗುತ್ತದೆ, ಶಿಕ್ಷೆಯೂ ಇದೆ. ಮೊದಲ ಎರಡು ವರ್ಷ ಬಾಡಿಗೆಯಲ್ಲೇ ಇರುವುದು ಉತ್ತಮ. ಎರಡು ತಿಂಗಳ ಮುಂಗಡ, ಒಂದು ತಿಂಗಳ ಬಾಡಿಗೆ ಕೊಟ್ಟರೆ ಬಹುತೇಕ ಕಡೆ ಮನೆ ಸಿಗುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹೊರೆಯೆನಿಸದು.

ಇಲ್ಲಿಯ ಆಸ್ತಿಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಅನಿವಾಸಿಗಳಿಗೆ ಮಾತ್ರ ಫೆಮಾ ನಿಯಮ ಅಡ್ಡ ಬರುತ್ತದೆ: ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗಳನ್ನು ಅವರು ಕೊಳ್ಳುವಂತಿಲ್ಲ. ನಿವಾಸಿಯಾಗಿದ್ದಾಗ ಕೊಂಡದ್ದನ್ನೂ ಪಿತ್ರಾರ್ಜಿತವಾಗಿ ಬಂದದ್ದನ್ನೂ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹೊರಡುವ ಖರ್ಚಿಗೆಂದು ಅಡಿಕೆ ತೋಟ ಮಾರಿದವರು ಅನಿವಾಸಿಯಾಗಿರುವಷ್ಟು ಕಾಲ ಅಂಥದ್ದನ್ನು ಮತ್ತೆ ಕೊಳ್ಳಲಾರರು. ಇರುವ ಒಂದೇ ಮನೆಯನ್ನಂತೂ ಮಾರದೆ ಬಾಡಿಗೆಗೆ ಕೊಟ್ಟು ಹೋಗುವುದೇ ಮೇಲು.

ಸಂಗಾತಿ, ಮಕ್ಕಳು, ಹೆತ್ತವರು

ಮುಖ್ಯ ಅರ್ಜಿದಾರರ ಜತೆ ಅವಲಂಬಿತರಾಗಿ ಹೋಗುವ ಸಂಗಾತಿಗೆ ವಾಸದ ಅನುಮತಿ ಸಿಗುತ್ತದೆ, ದುಡಿಯುವ ಅನುಮತಿ ಸಿಗುವುದಿಲ್ಲ. ಇಲ್ಲಿ ಸ್ವಂತ ನೌಕರಿ, ಗೆಳೆತನಗಳು, ನಿತ್ಯದ ಓಡಾಟ ಇದ್ದವರು 46ನೇ ವಯಸ್ಸಿಗೆ ಅಪರಿಚಿತ ಭಾಷೆಯ ನಗರದ ಫ್ಲ್ಯಾಟೊಂದರಲ್ಲಿ ದಿನ ಕಳೆಯಬೇಕಾಗುತ್ತದೆ. ಈ ಪಾಲು ಹೆಚ್ಚಾಗಿ ಹೆಂಗಸರಿಗೇ ಬರುತ್ತದೆ. ಒಬ್ಬರು ಒಲ್ಲದಿದ್ದರೆ ಹೊರಡುವ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಶಾಲೆಗೆ ಹೋಗುವ ಮಕ್ಕಳಿದ್ದರೆ ಅಂತರರಾಷ್ಟ್ರೀಯ ಶಾಲೆಗಳ ಶುಲ್ಕವೇ ಮನೆ ಖರ್ಚನ್ನು ಮೀರಿಸಬಹುದು. ಕರ್ನಾಟಕದವರಿಗೆ ಇನ್ನೊಂದು ಲೆಕ್ಕವೂ ಇದೆ. ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯುವ ಮುಖ್ಯ ಅರ್ಹತಾ ನಿಯಮದ ಪ್ರಕಾರ 1ನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಐದನೇ ತರಗತಿಯಲ್ಲಿ ಮಗುವನ್ನು ಕರೆದೊಯ್ದು ಪಿಯು ಮುಗಿದ ಮೇಲೆ ಮರಳುವ ಕುಟುಂಬ ಆ ಬಾಗಿಲನ್ನು ಮುಚ್ಚಿಕೊಂಡಂತೆ.

ಹೆತ್ತವರ ವಿಷಯ ಹಣದಿಂದ ಬಗೆಹರಿಯುವಂಥದ್ದಲ್ಲ. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ ನಿಜ, ಆದರೆ ತಾಯಿ ಸಿರ್ಸಿಯಲ್ಲೋ ಕಲಬುರಗಿಯಲ್ಲೋ ಇದ್ದರೆ ಮನೆ ಮುಟ್ಟಲು ಒಂದು ಇಡೀ ದಿನ ಬೇಕು. ಆಸ್ಪತ್ರೆಗೆ ಸೇರಿಸುವವರು ಯಾರು, ಸಹಿ ಹಾಕುವವರು ಯಾರು, ರಾತ್ರಿ ಜತೆಗಿರುವವರು ಯಾರು ಎಂಬುದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರ ಜತೆ ಬಾಯಿಬಿಟ್ಟು ಮಾತಾಡಿ ಒಪ್ಪಿಕೊಂಡಿರಬೇಕು. ಮಾತಿಲ್ಲದೆ ಒಬ್ಬರ ತಲೆಗೆ ಕಟ್ಟಿ ಹೋದ ಹೊಣೆ ಮುಂದೆ ಆಸ್ತಿಯ ಪಾಲಿನ ಹೊತ್ತಿಗೆ ಜಗಳವಾಗಿ ಏಳುತ್ತದೆ.

ದಿನದ ಬದುಕು

ಸಸ್ಯಾಹಾರಿಗಳಿಗೆ ಮೀನಿನ ಸಾಸು, ಸಿಂಪಿ ಸಾಸುಗಳೇ ತೊಡಕು; ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ಹಳದಿ ಬಾವುಟ ಕಟ್ಟಿದ ‘ಜೇ’ ಊಟದ ಅಂಗಡಿಗಳಲ್ಲಿ ಮಾಂಸ, ಮೊಟ್ಟೆ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಬೇಳೆ, ಮಸಾಲೆಗಳು ಬ್ಯಾಂಕಾಕಿನ ಪಾಹುರತ್ ಪೇಟೆಯಲ್ಲಿ ಸಿಗುತ್ತವೆ. ಸಣ್ಣ ಊರುಗಳಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಥಾಯ್ ಭಾಷೆಯಲ್ಲಿ ಐದು ಸ್ವರಭಾರಗಳಿವೆ, ಐವತ್ತರಲ್ಲಿ ಕಲಿಯಲು ತಾಳ್ಮೆ ಬೇಕು. ಪಲ್ಲವರ ಲಿಪಿಯ ವಂಶದ್ದಾದ್ದರಿಂದ ಅಕ್ಷರಮಾಲೆಯ ಕ್ರಮ ಕನ್ನಡಿಗರಿಗೆ ಪರಿಚಿತವೆನಿಸುತ್ತದೆ, ಮೂರು ತಿಂಗಳ ಅಭ್ಯಾಸದಿಂದ ಫಲಕಗಳನ್ನು ಓದುವಷ್ಟು ಕಲಿಯಬಹುದು. ಬ್ಯಾಂಕು, ಕಚೇರಿಗಳ ಕಾಗದಗಳಲ್ಲಿ ಬೌದ್ಧ ಶಕ ಬರೆಯುತ್ತಾರೆ. ಇಸವಿಗೆ 543 ಕೂಡಿಸಬೇಕು. ರಾಜಮನೆತನವನ್ನು ಅವಮಾನಿಸಿದರೆ 3ರಿಂದ 15 ವರ್ಷ ಸೆರೆ ಎಂಬ ಕಾನೂನು ವಿದೇಶಿಯರಿಗೂ ಅನ್ವಯಿಸುತ್ತದೆ, ಜಾಲತಾಣದಲ್ಲಿ ಹಂಚಿಕೊಂಡ ಚಿತ್ರವೂ ಅದರ ಅಡಿ ಬರಬಹುದು.

ಪ್ರಯೋಗದ ವಾಸ ಮತ್ತು ಕಾಗದಪತ್ರ

ತೀರ್ಮಾನಕ್ಕೆ ಮುನ್ನ ಪ್ರವಾಸಿಗಳಾಗಿ ಎರಡು ಬಾರಿ ಹೋಗಿ ತಿಂಗಳು ತಿಂಗಳು ಇದ್ದು ಬರುವುದು ಅತ್ಯಂತ ಉಪಯುಕ್ತ: ಒಮ್ಮೆ ಏಪ್ರಿಲಿನಲ್ಲಿ, ಒಮ್ಮೆ ಸೆಪ್ಟೆಂಬರಿನಲ್ಲಿ. ಹೋಟೆಲು ಬಿಟ್ಟು ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಇರಬೇಕು. ನೋಡಬೇಕಾದ ಸ್ಥಳಗಳ ಪಟ್ಟಿ ಇಲ್ಲದೆ ಸಂತೆ, ಬಸ್ಸು, ದಂತವೈದ್ಯರು, ವಲಸೆ ಕಚೇರಿಯ ಸಾಲು ಇವುಗಳಲ್ಲೇ ದಿನ ಕಳೆಯಬೇಕು.

ಹೊರಡುವುದೇ ಖಚಿತವಾದರೆ ನಂಬಿಕಸ್ಥರಿಗೆ ಮುಖ್ತಿಯಾರು ಪತ್ರವನ್ನು ಇಲ್ಲೇ ನೋಂದಾಯಿಸಿ ಕೊಡುವುದು ಸುಲಭ. ಅಲ್ಲಿಂದ ಮಾಡಿಕೊಟ್ಟರೆ ಭಾರತದ ರಾಯಭಾರ ಕಚೇರಿಯ ದೃಢೀಕರಣ ಬೇಕು, ಪತ್ರ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಪಹಣಿ, ಖಾತೆ, ಆಸ್ತಿ ತೆರಿಗೆಯ ರಸೀದಿಗಳನ್ನು ಸರಿಪಡಿಸಿಡಬೇಕು. ಪಿಂಚಣಿದಾರರು ವರ್ಷದ ಜೀವಿತ ಪ್ರಮಾಣಪತ್ರವನ್ನು ಹೊರದೇಶದಿಂದ ಹೇಗೆ ಸಲ್ಲಿಸಬೇಕೆಂದು ತಮ್ಮ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಬೇಕು. ಥಾಯ್ ಬ್ಯಾಂಕಿನ ಠೇವಣಿ ಒಬ್ಬರ ಹೆಸರಿನಲ್ಲಿದ್ದು ಅವರು ತೀರಿಕೊಂಡರೆ, ಅಲ್ಲಿನ ನ್ಯಾಯಾಲಯ ಆಸ್ತಿ ನಿರ್ವಾಹಕರನ್ನು ನೇಮಿಸುವವರೆಗೆ ಹಣ ಸಿಗುವುದಿಲ್ಲ. ಅಲ್ಲಿನ ಆಸ್ತಿಗೆ ಅಲ್ಲಿನ ಕಾನೂನಿನಂತೆ ಪ್ರತ್ಯೇಕ ಉಯಿಲು ಬರೆಸಿ ಅದರ ಒಂದು ಪ್ರತಿಯನ್ನು ಊರಿನಲ್ಲಿ ಇಟ್ಟಿರಬೇಕು. ಉಳಿದವರು ಮರಳಿ ಬಂದು ಆರು ತಿಂಗಳು ಮನೆ ನಡೆಸುವಷ್ಟು ಹಣ ಭಾರತದ ಜಂಟಿ ಖಾತೆಯಲ್ಲಿ ಇರಬೇಕು.